ವಯಸ್ಸನ್ನು ಮುಚ್ಚಿಟ್ಟವರು, ವಯಸ್ಸನ್ನೇ ಮುಂದಿಟ್ಟವರು: ಮರಳಿ ರಿಂಗಿಗೆ ಬಂದ ಹೆವಿವೇಯ್ಟ್ ಬಾಕ್ಸರ್‌ಗಳ ವರ್ಚಸ್ಸಿನ ಬಗ್ಗೆ ಚರ್ಚೆ

ಪೊನ್ನಂಪೇಟೆಯ ಓದುಗ (ಚರ್ಚೆ ಆರಂಭಿಸಿದವರು)

2025ರ ಮಾರ್ಚ್ 21ರಂದು ಅಮೆರಿಕದ ಬಾಕ್ಸರ್ ಜಾರ್ಜ್ ಫೋರ್‌ಮನ್ ತೀರಿಕೊಂಡಾಗ ಬಂದ ಬರಹಗಳನ್ನು ಓದುತ್ತಿದ್ದೆ. ಹೆಚ್ಚಿನವರು ನೆನೆದದ್ದು ಬೋಳುತಲೆಯ, ನಗುಮೊಗದ, ಟಿವಿಯಲ್ಲಿ ಅಡುಗೆಯ ಗ್ರಿಲ್ ಮಾರುತ್ತಿದ್ದ ಹಿರಿಯರನ್ನು. 1973ರ ಜನವರಿಯಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್ ಅವರನ್ನು ಎರಡೇ ರೌಂಡ್‌ಗಳಲ್ಲಿ ಆರು ಸಲ ಕೆಡವಿದ ಯುವಕನನ್ನು ನೆನೆದವರು ಕಡಿಮೆ. ಆ ಯುವಕ ಪತ್ರಕರ್ತರೊಂದಿಗೆ ಮಾತನಾಡುತ್ತಿರಲಿಲ್ಲ, ನಗುತ್ತಿರಲಿಲ್ಲ. 1974ರಲ್ಲಿ ಮುಹಮ್ಮದ್ ಅಲಿಯವರ ವಿರುದ್ಧ ಆಡಲು ಆಫ್ರಿಕಾದ ಕಿನ್ಶಾಸಾಕ್ಕೆ ಹೋದಾಗ ಜೊತೆಯಲ್ಲಿ ಜರ್ಮನ್ ಶೆಫರ್ಡ್ ನಾಯಿಯನ್ನು ಕರೆದುಕೊಂಡು ಹೋಗಿದ್ದರು. ಬೆಲ್ಜಿಯಂ ಆಳ್ವಿಕೆಯ ಪೊಲೀಸರು ತಮ್ಮ ಮೇಲೆ ಛೂ ಬಿಡುತ್ತಿದ್ದ ನಾಯಿಗಳನ್ನು ಮರೆಯದಿದ್ದ ಅಲ್ಲಿನ ಜನಕ್ಕೆ ಅವರ ಮೇಲೆ ಬೇಸರ ಹುಟ್ಟಲು ಅಷ್ಟೇ ಸಾಕಾಯಿತು.

1977ರಲ್ಲಿ ಜಿಮ್ಮಿ ಯಂಗ್ ಎದುರು ಸೋತ ರಾತ್ರಿ ಡ್ರೆಸ್ಸಿಂಗ್ ಕೋಣೆಯಲ್ಲಿ ತಮಗೆ ದೇವರ ಅನುಭವವಾಯಿತೆಂದು ಹೇಳಿ ಅವರು ಬಾಕ್ಸಿಂಗ್ ಬಿಟ್ಟರು. ಹತ್ತು ವರ್ಷ ಹ್ಯೂಸ್ಟನ್‌ನಲ್ಲಿ ಧರ್ಮಬೋಧಕರಾಗಿದ್ದು, ಮಕ್ಕಳಿಗಾಗಿ ಒಂದು ಯುವಕೇಂದ್ರವನ್ನು ಕಟ್ಟಿದರು. 1987ರ ಮಾರ್ಚ್‌ನಲ್ಲಿ, ಆ ಕೇಂದ್ರಕ್ಕೆ ಹಣ ಬೇಕಾಗಿದೆ ಎಂದು ಹೇಳಿ ಮತ್ತೆ ರಿಂಗಿಗೆ ಇಳಿದಾಗ ಅವರ ತೂಕ 267 ಪೌಂಡ್, ಅಂದರೆ ಸುಮಾರು 121 ಕೆ.ಜಿ. ಆ ಹೊಟ್ಟೆಯನ್ನು ಅವರು ಮರೆಮಾಚಲಿಲ್ಲ. ತಿನ್ನುವುದೆಂದರೆ ತಮಗೆಷ್ಟು ಇಷ್ಟವೆಂದು ಕ್ಯಾಮೆರಾದ ಮುಂದೆಯೇ ಹೇಳಿಕೊಂಡು ನಕ್ಕರು.

ಇದಕ್ಕೆ ತದ್ವಿರುದ್ಧವಾದದ್ದು ಅಲಿಯವರ 1980ರ ಮರುಪ್ರವೇಶ. 1979ರಲ್ಲಿ ನಿವೃತ್ತಿ ಹೇಳಿದ್ದ ಅವರು 38ನೆಯ ವಯಸ್ಸಿನಲ್ಲಿ ಲ್ಯಾರಿ ಹೋಮ್ಸ್ ವಿರುದ್ಧ ಆಡಲು ಬಂದಾಗ ನರೆಗೂದಲಿಗೆ ಕಪ್ಪು ಬಣ್ಣ ಹಚ್ಚಿದ್ದರು, ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿದ್ದರು. ನೋಡುವುದಕ್ಕೆ ಹಳೆಯ ಅಲಿಯೇ. ಆಟ ಶುರುವಾದ ಮೇಲೆ ಮೂವರು ತೀರ್ಪುಗಾರರಲ್ಲಿ ಒಬ್ಬರೂ ಅವರಿಗೆ ಒಂದು ರೌಂಡನ್ನೂ ಕೊಡಲಿಲ್ಲ.

ಹೀಗಾಗಿ ನನ್ನ ವಾದ ಇದು: ಮರಳಿ ಬರುವ ಬಾಕ್ಸರ್‌ನ ವರ್ಚಸ್ಸು ಉಳಿಯುವುದೋ ಅಳಿಯುವುದೋ ಎಂಬುದು ಆತ ತನ್ನ ವಯಸ್ಸನ್ನು ಏನು ಮಾಡುತ್ತಾನೆ ಎಂಬುದರ ಮೇಲೆ ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಆಟ ಆಡಿದವರೂ ಆಡಿಸಿದವರೂ ಬೇಕಾದಷ್ಟು ಮಂದಿ ಇದ್ದೀರಿ. ನಿಮ್ಮ ಅಭಿಪ್ರಾಯ ತಿಳಿಯುವ ಆಸೆಯಿದೆ.

ನಿವೃತ್ತ ಸುಬೇದಾರ್, ಸೋಮವಾರಪೇಟೆ

ವಿಷಯ ಎತ್ತಿದ್ದಕ್ಕೆ ಸಂತೋಷವಾಯಿತು. ಕೊಡಗು ಎಂದರೆ ಹಾಕಿ ಎಂದೇ ಎಲ್ಲರೂ ಬರೆಯುತ್ತಾರೆ. ಬಾಕ್ಸಿಂಗ್‌ನಲ್ಲಿ ಅರ್ಜುನ ಪ್ರಶಸ್ತಿ ಪಡೆದ ಸಿ.ಸಿ. ಮಾಚಯ್ಯ ಅವರ ಹೆಸರು ಈಗಿನ ಹುಡುಗರಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ತಿಳಿಯದು. ನಾನು ಸೈನ್ಯದಲ್ಲಿದ್ದಾಗ ರೆಜಿಮೆಂಟಿನ ತಂಡದಲ್ಲಿ ಆಡಿದವನು, ಈಗ ಇಲ್ಲಿ ಕೆಲವು ಮಕ್ಕಳಿಗೆ ಹೇಳಿಕೊಡುತ್ತೇನೆ. ಆದ್ದರಿಂದ ಮಾತಿಗಿಂತ ಮೊದಲು ಕೈಕಾಲು ನೋಡುವುದು ನನ್ನ ಅಭ್ಯಾಸ.

ಫೋರ್‌ಮನ್ ಬದಲಾದದ್ದು ಸಂದರ್ಶನಗಳಲ್ಲಿ ಮಾತ್ರವಲ್ಲ, ಅವರ ಆಟವೇ ಬದಲಾಯಿತು. ಇದನ್ನು ಬರೆದವರು ಕಡಿಮೆ. ಮೊದಲ ಅವಧಿಯಲ್ಲಿ ಅವರು ತೋಳನ್ನು ದೂರದಿಂದ ಬೀಸಿ, ಐದಾರು ರೌಂಡ್‌ಗಳಲ್ಲಿ ಉಸಿರನ್ನೆಲ್ಲ ಖರ್ಚು ಮಾಡಿಕೊಳ್ಳುತ್ತಿದ್ದರು. ಕಿನ್ಶಾಸಾದಲ್ಲಿ ಅಲಿ ಹಗ್ಗಕ್ಕೆ ಒರಗಿ ಕಾದದ್ದು ಅದಕ್ಕಾಗಿಯೇ. ಎರಡನೆಯ ಅವಧಿಯಲ್ಲಿ ಎರಡೂ ತೋಳುಗಳನ್ನು ಎದೆಯ ಮುಂದೆ ಅಡ್ಡಲಾಗಿ ಹಿಡಿದು, ಹೆಜ್ಜೆ ಹೆಜ್ಜೆಯಾಗಿ ನಡೆದು, ಎಡಗೈಯ ಜ್ಯಾಬ್ ಎಂಬ ಭಾರವಾದ ನೇರ ಗುದ್ದಿನಿಂದ ಎದುರಾಳಿಯನ್ನು ದೂರ ಇಟ್ಟು, ಬಲಗೈಯನ್ನು ಸರಿಯಾದ ಗಳಿಗೆಗೆ ಕಾಯ್ದಿಟ್ಟರು. ರೌಂಡ್‌ಗಳ ನಡುವೆ ಎಲ್ಲ ಬಾಕ್ಸರ್‌ಗಳೂ ಸ್ಟೂಲಿನ ಮೇಲೆ ಕುಸಿದು ಕೂತರೆ, ನಲವತ್ತು ದಾಟಿದ ಈ ಮನುಷ್ಯ ಮೂಲೆಯಲ್ಲಿ ನಿಂತೇ ಇರುತ್ತಿದ್ದರು. ಎದುರಿಗಿದ್ದ ಇಪ್ಪತ್ತರ ಹುಡುಗ ಕೂತಲ್ಲಿಂದಲೇ ಅದನ್ನು ನೋಡಬೇಕು. ಸಮಾಧಾನಿ, ಆತುರವಿಲ್ಲದವರು ಎಂದು ಜನ ಅವರನ್ನು ನಂಬಿದ್ದರ ಹಿಂದೆ ಇದೂ ಇತ್ತು.

1994ರ ನವೆಂಬರ್ 5ರಂದು ಲಾಸ್ ವೇಗಾಸ್‌ನಲ್ಲಿ 26 ವರ್ಷದ ಮೈಕಲ್ ಮೂರರ್ ಒಂಬತ್ತು ರೌಂಡ್ ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಮುಂದಿದ್ದರು. ಹತ್ತನೆಯ ರೌಂಡ್‌ನಲ್ಲಿ ಫೋರ್‌ಮನ್ ಅವರ ಬಲಗೈ ಒಂದು ಗೇಣಿನಷ್ಟು ದೂರ ಮಾತ್ರ ಚಲಿಸಿ ಗದ್ದಕ್ಕೆ ತಾಗಿತು. ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡಿ, ಅದರಲ್ಲಿ ಬೀಸು ಎಂಬುದೇ ಇಲ್ಲ. ಮೂರರ್ ಮೇಲೇಳಲಿಲ್ಲ. 45ನೆಯ ವಯಸ್ಸಿನಲ್ಲಿ, 1974ರಲ್ಲಿ ಅಲಿ ಎದುರು ಸೋತಾಗ ತೊಟ್ಟಿದ್ದ ಅದೇ ಕೆಂಪು ಚಡ್ಡಿಯಲ್ಲಿ ಅವರು ಮತ್ತೆ ವಿಶ್ವ ಚಾಂಪಿಯನ್ ಆದರು.

ಅಧ್ಯಾಪಕಿ, ಮಡಿಕೇರಿ

ಸುಬೇದಾರರ ವಿವರಣೆ ಬಹಳ ಚೆನ್ನಾಗಿದೆ. ಆದರೆ ಫೋರ್‌ಮನ್ ಅವರನ್ನು ಮಾದರಿಯಾಗಿ ಇಟ್ಟುಕೊಂಡು ಎಲ್ಲ ಮರುಪ್ರವೇಶಗಳನ್ನೂ ಅಳೆಯುವುದರಲ್ಲಿ ನನಗೆ ಒಂದು ಆತಂಕವಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಫೋರ್‌ಮನ್ ಕಳಚಿಕೊಂಡದ್ದು ಸಿಡುಕಿನ ಮುಖವನ್ನು. ಅವರು ಮರಳಿ ಬಂದದ್ದು ಜೈಲಿನಿಂದಲ್ಲ. ಮೈಕ್ ಟೈಸನ್ ಅವರ ಸಂಗತಿ ಹಾಗಲ್ಲ.

1992ರ ಫೆಬ್ರುವರಿಯಲ್ಲಿ ಇಂಡಿಯಾನಾಪೊಲಿಸ್‌ನ ನ್ಯಾಯಾಲಯ 18 ವರ್ಷದ ಯುವತಿಯ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಅವರನ್ನು ಅಪರಾಧಿ ಎಂದು ತೀರ್ಮಾನಿಸಿತು. ಆರು ವರ್ಷದ ಶಿಕ್ಷೆಯಲ್ಲಿ ಮೂರು ವರ್ಷ ಜೈಲಿನಲ್ಲಿದ್ದು 1995ರ ಮಾರ್ಚ್‌ನಲ್ಲಿ ಹೊರಬಂದರು. ತಾವು ಆ ಕೃತ್ಯ ಎಸಗಿಲ್ಲವೆಂದೇ ಅವರು ಇಂದಿಗೂ ಹೇಳುತ್ತಾರೆ. ಆ ಆಗಸ್ಟ್‌ನಲ್ಲಿ ಪೀಟರ್ ಮೆಕ್‌ನೀಲಿ ಎದುರಿನ ಪಂದ್ಯ 89 ಸೆಕೆಂಡುಗಳಲ್ಲಿ ಮುಗಿಯಿತು, ಜಗತ್ತು ಅದನ್ನು ಹಬ್ಬದಂತೆ ನೋಡಿತು. ಆಗ ಮಾರಾಟವಾದದ್ದು ಅವರ ಭಯಂಕರತೆಯೇ. ಎರಡನೆಯ ಬಗೆಯ ಮರುಪ್ರವೇಶ ಬಂದದ್ದು ಬಹಳ ತಡವಾಗಿ: ಪಾಡ್‌ಕಾಸ್ಟ್, ಸಿನಿಮಾಗಳಲ್ಲಿ ತಮ್ಮದೇ ಪಾತ್ರ, ಒಬ್ಬರೇ ನಿಂತು ಜೀವನಕಥೆ ಹೇಳುವ ರಂಗಪ್ರಯೋಗ, ಬಾಲ್ಯದಿಂದ ಸಾಕಿದ ಪಾರಿವಾಳಗಳು. 2020ರ ಮೇ ತಿಂಗಳಲ್ಲಿ ಅಭ್ಯಾಸದ ತುಣುಕೊಂದನ್ನು ಹರಿಯಬಿಟ್ಟಾಗ ಲೋಕ ಕಂಡದ್ದು ಪಶ್ಚಾತ್ತಾಪಪಟ್ಟ, ತತ್ವಜ್ಞಾನ ಮಾತಾಡುವ, ಆದರೂ ಗುದ್ದಿನ ವೇಗ ಉಳಿಸಿಕೊಂಡ ಹಿರಿಯನನ್ನು.

ನನ್ನ ತರಗತಿಯ ಹುಡುಗರು ಟೈಸನ್ ಅವರನ್ನು ಮುದ್ದಾದ ಅಜ್ಜನಂತೆ ಬಲ್ಲರು. ಆ ಯುವತಿಯ ವಿಷಯ ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ವರ್ಚಸ್ಸು ಹೊಸದಾಗುವಾಗ ಇನ್ನೊಬ್ಬರ ನೋವು ಕಾಣದಂತಾಗುತ್ತದೆ. ವಯಸ್ಸಾದವರ ಮೇಲೆ ನಮಗೆ ಸಹಜವಾಗಿ ಹುಟ್ಟುವ ಮರುಕವೇ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ವಯಸ್ಸನ್ನು ಏನು ಮಾಡುತ್ತಾರೆ ಎಂಬುದರ ಮೇಲೆಯೇ ಎಲ್ಲ ನಿಂತಿದೆ ಎಂಬ ಪೊನ್ನಂಪೇಟೆಯವರ ಮಾತನ್ನು ನಾನು ಈ ಕಾರಣಕ್ಕಾಗಿ ಪೂರ್ತಿ ಒಪ್ಪಲಾರೆ.

ಪೊನ್ನಂಪೇಟೆಯ ಓದುಗ

ಟೀಚರ್, ನಿಮ್ಮ ಮಾತಿಗೆ ಎದುರು ಹೇಳುವುದಕ್ಕೇನೂ ಇಲ್ಲ. ಟೈಸನ್ ಅವರ ಎರಡು ಮರುಪ್ರವೇಶಗಳನ್ನು ನೀವು ಬೇರ್ಪಡಿಸಿ ತೋರಿಸಿದ್ದು ಮುಖ್ಯವಾದದ್ದು. ಎರಡನೆಯದರ ಬಗ್ಗೆ ಒಂದು ಮಾತು ಸೇರಿಸುತ್ತೇನೆ. 2024ರ ನವೆಂಬರ್ 15ರಂದು, ನಮಗೆ ಅದು ಮರುದಿನದ ಬೆಳಗ್ಗೆ, ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ 58 ವರ್ಷದ ಟೈಸನ್ ಯೂಟ್ಯೂಬ್‌ನಿಂದ ಹೆಸರಾಗಿ ಬಾಕ್ಸಿಂಗ್‌ಗೆ ಬಂದ 27 ವರ್ಷದ ಜೇಕ್ ಪಾಲ್ ಎದುರು ಆಡಿದರು. ಜುಲೈಯಲ್ಲಿ ಆಗಬೇಕಿದ್ದ ಆಟ ಟೈಸನ್ ಅವರ ಹೊಟ್ಟೆಹುಣ್ಣಿನ ತೊಂದರೆಯಿಂದ ಮುಂದಕ್ಕೆ ಹೋಗಿತ್ತು. ಆ ಕಾಯಿಲೆಯಲ್ಲಿ ತಮಗೆ ಎಂಟು ಸಲ ರಕ್ತ ಕೊಡಬೇಕಾಯಿತೆಂದು ಅವರೇ ಆಮೇಲೆ ಬರೆದುಕೊಂಡರು. ಹಿಂದಿನ ದಿನ ತೂಕ ನೋಡುವಾಗ ಪಾಲ್ ಅವರ ಕೆನ್ನೆಗೆ ಬಾರಿಸಿ ಹಳೆಯ ಟೈಸನ್ ಆಗಿ ಕಾಣಿಸಿಕೊಂಡವರು, ರಿಂಗಿನಲ್ಲಿ ಎರಡು ನಿಮಿಷದ ಎಂಟು ರೌಂಡ್‌ಗಳಲ್ಲಿ 97 ಗುದ್ದು ಬೀಸಿ 18 ಮಾತ್ರ ತಾಗಿಸಿದರು, ಮಧ್ಯೆ ಮಧ್ಯೆ ತಮ್ಮ ಗ್ಲೌಸನ್ನೇ ಕಚ್ಚುತ್ತ ನಿಂತರು.

ಇದು ವಯಸ್ಸನ್ನು ಮುಂದಿಟ್ಟ ಆಟವೋ ಮುಚ್ಚಿಟ್ಟ ಆಟವೋ ಎಂದು ಕೇಳಿದರೆ, ಎರಡೂ ಎನ್ನಬೇಕಾಗುತ್ತದೆ. ಜಾಹೀರಾತಿನಲ್ಲಿ ಹಳೆಯ ನಾಕೌಟ್‌ಗಳ ತುಣುಕು, ನಿಯಮದಲ್ಲಿ ಚಿಕ್ಕ ರೌಂಡ್ ಮತ್ತು ದಪ್ಪ ಗ್ಲೌಸ್. ಜನಕ್ಕೆ ತೋರಿಸಿದ್ದು ಒಂದು, ಆಟಕ್ಕೆ ಕಟ್ಟಿದ ಏರ್ಪಾಡು ಇನ್ನೊಂದು.

ತೋಟದ ರೈಟರ್, ಸಿದ್ದಾಪುರ

ನಾನು ಲೆಕ್ಕಪತ್ರ ಬರೆಯುವವನು, ಹಾಗಾಗಿ ಹಣದ ಕಡೆಯಿಂದ ನೋಡುತ್ತೇನೆ. ಯಾರು ಏನೇ ಹೇಳಲಿ, ಮರುಪ್ರವೇಶದ ಮೊದಲ ಕಾರಣ ಹಣ. ವರ್ಚಸ್ಸು ಹಣಕ್ಕೆ ಹೊದಿಸುವ ಬಟ್ಟೆ.

ಜೋ ಲೂಯಿ 1937ರಿಂದ 1949ರವರೆಗೆ ಪಟ್ಟ ಬಿಟ್ಟುಕೊಡದೆ, 25 ಸಲ ಅದನ್ನು ಉಳಿಸಿಕೊಂಡು ನಿವೃತ್ತರಾದವರು. ಯುದ್ಧಕಾಲದಲ್ಲಿ, 1942ರಲ್ಲಿ, ಎರಡು ಪಂದ್ಯಗಳ ಸಂಪಾದನೆಯನ್ನು ನೌಕಾಪಡೆಯ ಮತ್ತು ಭೂಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟು, ತಾವೂ ಸೈನ್ಯ ಸೇರಿದರು. ಹಾಗೆ ಕೊಟ್ಟ ಹಣಕ್ಕೂ ತೆರಿಗೆ ಕಟ್ಟಬೇಕೆಂದು ಅವರ ಸರ್ಕಾರ ಲೆಕ್ಕ ಹಾಕಿತು. ಬಡ್ಡಿ, ದಂಡ ಎಲ್ಲ ಬೆಳೆದು ಲಕ್ಷಾಂತರ ಡಾಲರ್ ಆಯಿತು. ಅದಕ್ಕಾಗಿ 1950ರ ಸೆಪ್ಟೆಂಬರ್‌ನಲ್ಲಿ ಎಜ್ಜರ್ಡ್ ಚಾರ್ಲ್ಸ್ ಎದುರು ಮರಳಿ ಬಂದು ಸೋತರು. 1951ರ ಅಕ್ಟೋಬರ್‌ನಲ್ಲಿ ರಾಕಿ ಮಾರ್ಸಿಯಾನೋ ಎಂಟನೆಯ ರೌಂಡ್‌ನಲ್ಲಿ ಅವರನ್ನು ಹಗ್ಗದಾಚೆಗೆ ಕೆಡವಿದರು. ಆಮೇಲೆ ಕುಸ್ತಿಯ ಪ್ರದರ್ಶನಗಳು, ಕೊನೆಗೆ ಲಾಸ್ ವೇಗಾಸ್‌ನ ಕ್ಯಾಸಿನೋದಲ್ಲಿ ಬಂದವರ ಕೈಕುಲುಕುವ ಕೆಲಸ. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರಂತೆ ಸೈನ್ಯಕ್ಕೆ ಹೋದವರಿದ್ದಾರೆ, ಇದನ್ನು ಓದಿ ಅವರಿಗೆ ಏನನ್ನಿಸುತ್ತದೆ ಎಂದು ಹೇಳಬೇಕಾಗಿಲ್ಲ.

ಲೂಯಿ ಅವರಿಗೆ ಹೊಸ ವರ್ಚಸ್ಸು ಕಟ್ಟಿಕೊಳ್ಳಲು ಅವಕಾಶವೇ ಇರಲಿಲ್ಲ ಎಂದು ನನ್ನ ಅಭಿಪ್ರಾಯ. ಜನ ಅವರನ್ನು ಅಷ್ಟು ಪ್ರೀತಿಸಿದ್ದರಿಂದ ಹಳೆಯ ಲೂಯಿ ಬಿಟ್ಟು ಬೇರೆ ಯಾರೂ ಅವರಿಗೆ ಬೇಕಾಗಿರಲಿಲ್ಲ. ಫೋರ್‌ಮನ್ ಅವರನ್ನು ಯಾರೂ ಪ್ರೀತಿಸಿರಲಿಲ್ಲ. ಅದೇ ಅವರಿಗೆ ಅನುಕೂಲವಾಯಿತು. 1994ರಲ್ಲಿ ಮಾರುಕಟ್ಟೆಗೆ ಬಂದ ಅವರ ಹೆಸರಿನ ಗ್ರಿಲ್ 10 ಕೋಟಿಗೂ ಹೆಚ್ಚು ಮಾರಾಟವಾಗಿದೆ. 1999ರಲ್ಲಿ ಸಾಲ್ಟನ್ ಕಂಪನಿ ಆ ಹೆಸರನ್ನು ಬಳಸುವ ಹಕ್ಕಿಗಾಗಿ 13.75 ಕೋಟಿ ಡಾಲರ್ ಕೊಡಲು ಒಪ್ಪಿತು. ಗುದ್ದಿ ಗಳಿಸಿದ್ದಕ್ಕಿಂತ ನಗುಮುಖದಿಂದ ಗಳಿಸಿದ್ದು ಹೆಚ್ಚು.

ಕುಶಾಲನಗರದ ವಿದ್ಯಾರ್ಥಿ

ಹಿರಿಯರ ನಡುವೆ ಬರೆಯಲು ಸಂಕೋಚವಾಗುತ್ತದೆ, ಆದರೂ ನನ್ನ ಪೀಳಿಗೆಗೆ ಹತ್ತಿರವಾದ ಟೈಸನ್ ಫ್ಯೂರಿ ಅವರ ಹೆಸರು ಇಲ್ಲಿ ಬರಲೇಬೇಕು. 2015ರ ನವೆಂಬರ್‌ನಲ್ಲಿ ವ್ಲಾದಿಮಿರ್ ಕ್ಲಿಷ್ಕೋ ಅವರನ್ನು ಸೋಲಿಸಿದಾಗ ಫ್ಯೂರಿ ಯಾರಿಗೂ ಇಷ್ಟವಾದವರಲ್ಲ. ಸಲಿಂಗಿಗಳ ಬಗ್ಗೆ, ಹೆಣ್ಣುಮಕ್ಕಳ ಬಗ್ಗೆ ಅವರಾಡಿದ ಮಾತುಗಳಿಗೆ ದೊಡ್ಡ ವಿರೋಧವೇ ಬಂದಿತ್ತು. ಆಮೇಲೆ ಖಿನ್ನತೆ, ಕುಡಿತ, ಕೊಕೇನ್. ಪಟ್ಟಗಳನ್ನು ಬಿಟ್ಟುಕೊಟ್ಟರು, ತೂಕ ಮಿತಿಮೀರಿತು. 2018ರ ಜೂನ್‌ನಲ್ಲಿ ಮರಳಿ ಬಂದಾಗ ಅವರು ಸಾಯಬೇಕೆಂದುಕೊಂಡಿದ್ದ ದಿನದ ಬಗ್ಗೆ ಬಾಯಿಬಿಟ್ಟು ಹೇಳಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಡಿಯಾಂಟೆ ವೈಲ್ಡರ್ ಹನ್ನೆರಡನೆಯ ರೌಂಡ್‌ನಲ್ಲಿ ಕೆಡವಿದಾಗ, ರೆಫರಿ ಎಣಿಸುತ್ತಿರುವಾಗ, ಮಲಗಿದ್ದವರು ಎದ್ದು ನಿಂತರು. ಖಿನ್ನತೆಯಿಂದ ಎದ್ದ ಕಥೆಯನ್ನು ಅದಾಗಲೇ ಕೇಳಿದ್ದ ಜನಕ್ಕೆ ಕಣ್ಣೆದುರೇ ಅದು ಮತ್ತೊಮ್ಮೆ ನಡೆದಂತಾಯಿತು.

ನಮ್ಮ ಮನೆಗಳಲ್ಲಿ ಗಂಡಸರು ಮನಸ್ಸು ಸರಿಯಿಲ್ಲ ಎಂದು ಹೇಳುವುದು ಅಪರೂಪ. ಅಷ್ಟು ಎತ್ತರದ ಮನುಷ್ಯ ಅದನ್ನು ಹೇಳಿದಾಗ ನನ್ನ ಸ್ನೇಹಿತರಲ್ಲಿ ಇಬ್ಬರು ಮೊದಲ ಸಲ ಬಾಯಿಬಿಟ್ಟರು. ಆ ಮಾತಿನ ಹಿಂದೆ ಪ್ರಚಾರದ ಲೆಕ್ಕಾಚಾರ ಇದ್ದಿದ್ದರೂ ನನಗೆ ಅದರಿಂದಾದ ಉಪಕಾರವನ್ನು ಅಲ್ಲಗಳೆಯಲು ಆಗುವುದಿಲ್ಲ.

ಶುಶ್ರೂಷಕಿ, ವಿರಾಜಪೇಟೆ

ಎಲ್ಲರೂ ಮುಖದ ಬಗ್ಗೆ ಬರೆದಿದ್ದೀರಿ, ನಾನು ತಲೆಯ ಒಳಗಿನದನ್ನು ಬರೆಯುತ್ತೇನೆ. 1980ರಲ್ಲಿ ಹೋಮ್ಸ್ ಪಂದ್ಯಕ್ಕೆ ಮೊದಲು ಅಲಿಯವರನ್ನು ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷಿಸಲಾಗಿತ್ತು. ಮಾತಿನಲ್ಲಿ ತೊದಲು, ಬೆರಳಿನಿಂದ ಮೂಗು ಮುಟ್ಟುವಾಗ ಸ್ವಲ್ಪ ತಪ್ಪು, ಒಂಟಿ ಕಾಲಿನಲ್ಲಿ ಕುಪ್ಪಳಿಸುವಾಗ ಕಷ್ಟ ಎಂದು ವರದಿಯಲ್ಲಿತ್ತು. ಆದರೂ ನೆವಾಡಾ ರಾಜ್ಯದ ಆಯೋಗ ಪರವಾನಗಿ ಕೊಟ್ಟಿತು. ಥೈರಾಯ್ಡ್ ಮಾತ್ರೆ ಬೇಕಿಲ್ಲದವರು ತೆಗೆದುಕೊಂಡರೆ ಎದೆಬಡಿತ ಏರುತ್ತದೆ, ಸ್ನಾಯು ಸವೆಯುತ್ತದೆ, ಬಿಸಿಲಿನಲ್ಲಿ ಮೈ ತಣಿಯುವುದಿಲ್ಲ. ಅಂದು ಹೊರಾಂಗಣದ ರಿಂಗ್, ಮರುಭೂಮಿಯ ಊರು. ಸಪೂರವಾಗಿ ಕಂಡದ್ದಕ್ಕೆ ಅವರು ತೆತ್ತ ಬೆಲೆ ಇದು. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ನ ನಸ್ಸಾವ್‌ನಲ್ಲಿ ಟ್ರೆವರ್ ಬರ್ಬಿಕ್ ಎದುರು ಕೊನೆಯ ಆಟ. ಅಲ್ಲಿ ರೌಂಡ್ ಶುರುಮಾಡಲು ಸರಿಯಾದ ಗಂಟೆಯೂ ಇರಲಿಲ್ಲ, ದನದ ಕೊರಳಿಗೆ ಕಟ್ಟುವ ಗಂಟೆಯನ್ನು ಬಾರಿಸಿದರು. 1984ರಲ್ಲಿ ಪಾರ್ಕಿನ್ಸನ್ ಲಕ್ಷಣಗಳೆಂದು ವೈದ್ಯರು ಗುರುತಿಸಿದರು.

ಎವಾಂಡರ್ ಹೋಲಿಫೀಲ್ಡ್ ಅವರನ್ನೂ ಮರೆಯಬೇಡಿ. 2021ರ ಸೆಪ್ಟೆಂಬರ್‌ನಲ್ಲಿ, 58ರ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮವನ್ನು ಫ್ಲಾರಿಡಾಕ್ಕೆ ಒಯ್ದು ಅಲ್ಲಿ ಅವರನ್ನು ಆಡಿಸಲಾಯಿತು, ಮೊದಲ ರೌಂಡ್‌ನಲ್ಲೇ ರೆಫರಿ ನಿಲ್ಲಿಸಿದರು. ಒಂದು ರಾಜ್ಯದಲ್ಲಿ ಒಪ್ಪಿಗೆ ಸಿಗದಿದ್ದರೆ ಇನ್ನೊಂದು ರಾಜ್ಯ, ಅಲ್ಲೂ ಇಲ್ಲದಿದ್ದರೆ ಒಂದು ದ್ವೀಪ. ನಮ್ಮ ಕೊಡವ ಕೌಟುಂಬಿಕ ಹಾಕಿಯಲ್ಲಿ ಅರವತ್ತು ದಾಟಿದವರು ಕುಟುಂಬದ ಜರ್ಸಿ ತೊಟ್ಟು ಇಳಿದರೆ ಎಲ್ಲರೂ ಸಂತೋಷಪಡುತ್ತೇವೆ, ಚೆಂಡು ತಪ್ಪಿದರೆ ಹೋಗಲಿ ಬಿಡಿ ಎನ್ನುತ್ತೇವೆ. ಇಲ್ಲಿ ತಪ್ಪುವುದು ಚೆಂಡಲ್ಲ, ತಲೆಗೆ ಬೀಳುವ ಗುದ್ದು.

ತೋಟದ ರೈಟರ್, ಸಿದ್ದಾಪುರ

ಸಿಸ್ಟರ್, ನೀವು ಬರೆದದ್ದನ್ನು ಓದಿದ ಮೇಲೆ ರೋಹನ್ ಬೋಪಣ್ಣ ಅವರ ನೆನಪಾಯಿತು. 2024ರ ಜನವರಿಯಲ್ಲಿ, 43ರ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದಾಗ ನಾವೆಲ್ಲ ವಯಸ್ಸನ್ನೇ ಹಾಡಿ ಹೊಗಳಿದೆವು. ಅವರು ಆಟ ಬಿಟ್ಟು ಮರಳಿದವರಲ್ಲ, ಬಿಡದೆ ಆಡಿದವರು. ಹಾಗಾಗಿ ಹೊಸ ಮುಖ ಕಟ್ಟಿಕೊಳ್ಳಬೇಕಾದ ಅಗತ್ಯವೂ ಬೀಳಲಿಲ್ಲ.

ಗೋಣಿಕೊಪ್ಪಲಿನ ಓದುಗ

ವರ್ಚಸ್ಸನ್ನು ಬಾಕ್ಸರ್ ತಾನೇ ಕಟ್ಟುತ್ತಾನೆ ಎಂದು ಎಲ್ಲರೂ ಹಿಡಿದಿದ್ದೀರಿ. ಜೇಮ್ಸ್ ಜೆಫ್ರೀಸ್ ಅವರದನ್ನು ಕಟ್ಟಿದ್ದು ಬೇರೆಯವರು. 1905ರಲ್ಲಿ ಸೋಲಿಲ್ಲದೆ ನಿವೃತ್ತರಾಗಿ ಕ್ಯಾಲಿಫೋರ್ನಿಯಾದಲ್ಲಿ ಕುದುರೆ ಮೇವಿನ ಬೇಸಾಯ ಮಾಡಿಕೊಂಡು ದಪ್ಪಗಾಗಿದ್ದ ಮನುಷ್ಯನನ್ನು, ಕರಿಯ ಚಾಂಪಿಯನ್ ಜ್ಯಾಕ್ ಜಾನ್ಸನ್ ಅವರಿಂದ ಪಟ್ಟವನ್ನು ಕಿತ್ತುಕೊಂಡು ಬರಬೇಕೆಂದು ಪತ್ರಿಕೆಗಳು ಎಳೆತಂದವು. ಬಿಳಿಯರ ಮಾನ ಕಾಯುವವನು ಎಂಬ ಭಾರವನ್ನು ಹೊರಿಸಿದರು. 1910ರ ಜುಲೈ 4ರಂದು ರೀನೊ ನಗರದಲ್ಲಿ ಹದಿನೈದನೆಯ ರೌಂಡ್‌ನಲ್ಲಿ ಅವರು ಬಿದ್ದರು. ಆ ರಾತ್ರಿ ಹಲವು ಊರುಗಳಲ್ಲಿ ಕರಿಯರ ಮೇಲೆ ಹಲ್ಲೆಗಳಾದವು, ಜೀವಗಳು ಹೋದವು. ಹಾಳಾದದ್ದು ಒಬ್ಬ ಬಾಕ್ಸರ್‌ನ ಹೆಸರು ಮಾತ್ರವಾಗಿದ್ದರೆ ಅದನ್ನು ಆಟದ ಪುಟದಲ್ಲಿ ಬಿಡಬಹುದಿತ್ತು.

ಅಧ್ಯಾಪಕಿ, ಮಡಿಕೇರಿ

ಈ ಪ್ರಸಂಗವನ್ನು ತಂದದ್ದಕ್ಕೆ ಕೃತಜ್ಞತೆಗಳು. ಮರುಪ್ರವೇಶದ ಕಥೆಗೆ ಯಾವಾಗಲೂ ಕೇಳುಗರು ಬೇಕು, ಕೇಳುಗರಿಗೆ ಏನು ಕೇಳಬೇಕೋ ಅದು ಮೊದಲೇ ಗೊತ್ತಿರುತ್ತದೆ. 1910ರಲ್ಲಿ ಅವರಿಗೆ ಬೇಕಾದದ್ದು ಜನಾಂಗದ ಗೆಲುವು. ಇಂದು ನಮಗೆ ಬೇಕಾದದ್ದು ತಿದ್ದಿಕೊಂಡ ಮನುಷ್ಯ. ಅದಕ್ಕೆ ಹೊಂದದ ಪುಟಗಳನ್ನು ನಾವೇ ಹರಿದು ಹಾಕುತ್ತೇವೆ.

ನಿವೃತ್ತ ಸುಬೇದಾರ್, ಸೋಮವಾರಪೇಟೆ

ಕೊನೆಯದಾಗಿ ಎರಡು ವಿಷಯ. ಒಂದು, ನಮ್ಮ ದೇಶದ ಹೆವಿವೇಯ್ಟ್ ಕೌರ್ ಸಿಂಗ್. ಪಂಜಾಬಿನ ಸಂಗ್ರೂರ್ ಜಿಲ್ಲೆಯವರು, ಸೈನ್ಯದವರು. 1980ರ ಜನವರಿಯಲ್ಲಿ ಭಾರತಕ್ಕೆ ಬಂದಿದ್ದ ಅಲಿಯವರ ಜೊತೆ ದೆಹಲಿಯಲ್ಲಿ ಪ್ರದರ್ಶನ ಪಂದ್ಯ ಆಡಿದವರು, 1982ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದವರು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ನಂತರ ಆಟ ಬಿಟ್ಟು ಊರಿನಲ್ಲಿ ಹೊಲ ನೋಡಿಕೊಂಡರು. ಹೃದಯದ ಚಿಕಿತ್ಸೆಗೆ ಸಾಲ ಮಾಡಿದ್ದಾರೆಂಬ ಸುದ್ದಿ ಬಂದಾಗಲೇ ದೇಶಕ್ಕೆ ಮತ್ತೆ ಅವರ ನೆನಪಾಯಿತು. 2023ರಲ್ಲಿ ತೀರಿಕೊಂಡರು. ಅವರಿಗೆ ಮರುಪ್ರವೇಶ ಇರಲಿಲ್ಲ, ಅವರ ಮುಖವನ್ನು ತಿದ್ದಲು ಯಾರೂ ಹಣ ಹಾಕಲಿಲ್ಲ. ಅಮೆರಿಕದವರ ಬಗ್ಗೆ ಇಷ್ಟು ಬರೆದ ಮೇಲೆ ಅವರ ಬಗ್ಗೆ ಬರೆಯದಿದ್ದರೆ ನನಗೆ ಸಮಾಧಾನವಾಗುವುದಿಲ್ಲ.

ಇನ್ನೊಂದು, ತರಬೇತುದಾರ ಏಂಜೆಲೊ ಡಂಡೀ. 1974ರಲ್ಲಿ ಕಿನ್ಶಾಸಾದಲ್ಲಿ ಅಲಿಯವರ ಮೂಲೆಯಲ್ಲಿ ನಿಂತು ಫೋರ್‌ಮನ್ ಸೋಲುವುದನ್ನು ಕಂಡವರು ಅವರು. ಇಪ್ಪತ್ತು ವರ್ಷಗಳ ಮೇಲೆ, ಮೂರರ್ ಪಂದ್ಯದಲ್ಲಿ, ಅದೇ ಡಂಡೀ ಫೋರ್‌ಮನ್ ಮೂಲೆಯಲ್ಲಿದ್ದರು. ನಡುವೆ 1980ರಲ್ಲಿ ಹೋಮ್ಸ್ ಎದುರು ಹತ್ತು ರೌಂಡ್ ಮುಗಿದಾಗ, ಬಣ್ಣ ಹಚ್ಚಿದ ಕೂದಲಿನ ಅಲಿ ಸ್ಟೂಲಿನ ಮೇಲೆ ಕೂತಿದ್ದಾಗ, ಇನ್ನು ಸಾಕು ಎಂದು ರೆಫರಿಗೆ ಹೇಳಿದವರೂ ಅವರೇ. ಇನ್ನೊಂದು ರೌಂಡ್ ಆಡಲಿ ಎಂದು ಪಕ್ಕದಲ್ಲಿದ್ದ ಸಹಾಯಕ ಬುಂಡಿನಿ ಬ್ರೌನ್ ಬೇಡಿಕೊಳ್ಳುತ್ತ ಡಂಡೀ ಅವರ ಬಟ್ಟೆ ಹಿಡಿದೆಳೆದರು. ಇಲ್ಲಿ ಮುಖ್ಯ ತರಬೇತುದಾರ ನಾನು ಎಂದು ಹೇಳಿ ಡಂಡೀ ಆಟ ನಿಲ್ಲಿಸಿದರು. ಮಕ್ಕಳಿಗೆ ನಾನು ಹತ್ತನೆಯ ರೌಂಡ್‌ಗಳೆರಡನ್ನೂ ತೋರಿಸುತ್ತೇನೆ, ಮೂರರ್ ಬಿದ್ದದ್ದನ್ನೂ, ಅಲಿ ಮೇಲೇಳದೆ ಕೂತದ್ದನ್ನೂ. ಮುಂದೆ ಯಾರದ್ದಾದರೂ ಮೂಲೆಯಲ್ಲಿ ನಿಲ್ಲುವ ಕೆಲಸ ಅವರಿಗೂ ಬರಬಹುದು.